ಯಾರಿಗೂ ಇಲ್ಲವೆನ್ನದ ಬಿರಿಬೋ

ಬಿರಿಬೋ ತನ್ನ ಜನ್ಮದಲ್ಲಿ ಯಾರಿಗೂ ಇಲ್ಲ ಎಂದವನಲ್ಲ. ಅವನನ್ನು ಕಂಡರಾಗದವರೂ ಇದನ್ನು ಒಪ್ಪುತ್ತಿದ್ದರು. ಆದರೆ ಹರೆಯದಲ್ಲಿ ಅವನು ಇಲ್ಲವೆನ್ನದೆ ಇದ್ದದ್ದಕ್ಕೂ ಮುಪ್ಪಿನಲ್ಲಿ ಇಲ್ಲವೆನ್ನದೆ ಇದ್ದದ್ದಕ್ಕೂ ಅಜಗಜಾಂತರ. ಆ ಅಂತರವನ್ನು ದಾಟುವುದಕ್ಕೆ ಅವನಿಗೆ ಹೆಚ್ಚುಕಡಿಮೆ ಒಂದು ಆಯುಷ್ಯವೇ ಹಿಡಿಯಿತು.

ನಮ್ಮ ಓನೋಟೋವಾ ದ್ವೀಪದಲ್ಲಿ ನೆಂಟನೊಬ್ಬ ಅಂಗಳಕ್ಕೆ ಬಂದು, ಚಾಪೆಯ ಮೇಲೆ ಕೂತು, "ಬುಬುಸಿಗೆ ಬಂದಿದ್ದೀನಿ" ಅಂದನೆಂದರೆ ಮುಗಿಯಿತು. ಅವನು ಕೇಳಿದ್ದು ಸೈಕಲ್ಲೇ ಇರಲಿ, ಕೊಡಲಿಯೇ ಇರಲಿ, ಕೊಡಲೇಬೇಕು. ಯಾಕೆ, ಎಷ್ಟು ದಿನಕ್ಕೆ ಎಂದು ವಿಚಾರಿಸುವಂತಿಲ್ಲ. ಇದ್ದೂ ಇಲ್ಲವೆಂದವನ ಮುಖವನ್ನು ಊರು ಮತ್ತೆ ನೇರವಾಗಿ ನೋಡುವುದಿಲ್ಲ. ಇಂದು ಅವನು ಕೇಳಿದರೆ ನಾಳೆ ಇವನು ಕೇಳುತ್ತಾನೆ. ಊರಿನ ಬದುಕು ಹೀಗೆ ಕೈಯಿಂದ ಕೈಗೆ ದಾಟಿಕೊಂಡು ಸಾಗುತ್ತದೆ. ಕೇಳುವುದೇನೂ ಸುಲಭವಲ್ಲ. ಕೇಳುವವನು ತಲೆ ತಗ್ಗಿಸಿಯೇ ಕೂತಿರುತ್ತಾನೆ.

ಹರೆಯದ ಬಿರಿಬೋ ಇದಕ್ಕೊಂದು ಉಪಾಯ ಕಂಡುಕೊಂಡಿದ್ದ. ಇರುವುದು ಕಣ್ಣಿಗೆ ಬಿದ್ದರಲ್ಲವೇ ಯಾರಾದರೂ ಕೇಳುವುದು? ಹೊಸ ಸೈಕಲ್ ಬಂದರೆ ಅವನ ಮೊದಲ ಕೆಲಸ ಅದಕ್ಕೆ ಕೆಸರು ಬಳಿದು, ಬೆಲ್ಲು ಕಿತ್ತಿಡುವುದು. ತೆಂಗಿನ ನೀರಾ ಕಾಯಿಸಿದ ಪಾಕದ ಬಾಟಲಿಗಳೆಲ್ಲ ಅವನು ಮಲಗುವ ಚಾಪೆಯ ಕೆಳಗೆ ಮರಳಿನಲ್ಲಿ ಹೂತಿರುತ್ತಿದ್ದವು. ಒಳ್ಳೆಯ ಅಂಗಿಯ ಮೇಲೆ ತೇಪೆ ಹಾಕಿಸಿಕೊಂಡ ಗಂಡಸು ಇಡೀ ದ್ವೀಪದಲ್ಲಿ ಅವನೊಬ್ಬನೇ. ಹೆಂಡತಿ ಎರೇನಾ ಆ ತೇಪೆ ಹೊಲಿಯುತ್ತ, ತಾನು ಮದುವೆಯಾದದ್ದು ಗಂಡಸನ್ನೋ ಏಡಿಯನ್ನೋ ಎಂದು ಗೊಣಗುತ್ತಿದ್ದಳು.

ಭಾನುವಾರ ಮಾತ್ರ ಬಿಳಿಯ ಅಂಗಿ ತೊಟ್ಟು ದೇವಾಲಯದ ಮುಂದಿನ ಸಾಲಿನಲ್ಲಿ ಅವನೇ. ಪ್ರಾರ್ಥನೆಗೆ ನಿಂತನೆಂದರೆ ಎಳೆಮಕ್ಕಳು ನಿದ್ದೆ ಹೋಗಿ, ಎದ್ದು, ಮತ್ತೆ ನಿದ್ದೆ ಹೋಗುತ್ತಿದ್ದವು. ಕರ್ತನೇ, ನನ್ನದೆನ್ನುವುದೆಲ್ಲ ನಿನ್ನದೇ ಎಂದು ಗದ್ಗದಿತನಾಗಿ ಹೇಳುತ್ತಿದ್ದ. ಮರಳಿನಲ್ಲಿ ಹೂತ ಬಾಟಲಿಗಳೂ ಸೇರಿ ಎಂದು ಹೇಳುತ್ತಿರಲಿಲ್ಲ, ಅಷ್ಟೆ.

ಆ ಕಾಲದಲ್ಲಿ ಎರೇನಾಳ ಅಣ್ಣ ಪರದೇಶದ ಹಡಗಿನಲ್ಲಿ ದುಡಿಯುತ್ತಿದ್ದವನು ರಜೆಗೆ ಬಂದಾಗ ಒಂದು ಹಾಯಿ ತಂದುಕೊಟ್ಟ. ದಪ್ಪ ಬಟ್ಟೆಯ ಹೊಚ್ಚಹೊಸ ಹಾಯಿ. ಬಿರಿಬೋ ಅದನ್ನು ಕೇದಗೆಯ ಚಾಪೆಯೊಳಗೆ ಸುತ್ತಿ ಸೂರಿನ ತೊಲೆಯ ಮೇಲಿಟ್ಟ. ಮನೆಯ ಮೂಲೆಯಲ್ಲಿ ಕಾಣುವ ಹಾಗೆ ಬಿದ್ದಿದ್ದದ್ದು ಹಳೆಯ ಹರಕು ಹಾಯಿ.

ಒಂದು ಮುಂಜಾನೆ ನಕಿಬಾಯೆ ಬಂದು ಅಂಗಳದಲ್ಲಿ ಕೂತ. ಇಬ್ಬರ ಅಜ್ಜಿಯಂದಿರೂ ಅಕ್ಕತಂಗಿಯರು. ಹಾಗಾಗಿ ನಕಿಬಾಯೆ ಇವನಿಗೆ ಅಣ್ಣನಾಗಬೇಕು. ಮಾತು ಕಡಿಮೆ, ಮೈ ತುಂಬ ಕೆಲಸ, ಅಂಥ ಮನುಷ್ಯ. ಅವನ ದೋಣಿಯ ಹಾಯಿ ಹಿಂದಿನ ವಾರದ ಗಾಳಿಗೆ ಚಿಂದಿಯಾಗಿತ್ತು. ಹಾಯಿ ಬೇಕಿತ್ತು ಎಂದ. ಬಿರಿಬೋ ಧಾರಾಳವಾಗಿ ಮೂಲೆಯತ್ತ ಕೈ ತೋರಿಸಿದ. "ಇದೇ ಕಣಣ್ಣ ಇರೋದು, ತಗೊಂಡೋಗು," ಅಂದ. ನಕಿಬಾಯೆ ಹಾಯಿಯನ್ನು ಎತ್ತಿ ಬೆಳಕಿಗೆ ಹಿಡಿದ. ಅದರ ತೂತುಗಳಲ್ಲಿ ಆಕಾಶ ಕಾಣುತ್ತಿತ್ತು. ಮಡಚಿಟ್ಟು ಎದ್ದು ಹೋದ. ಬಿರಿಬೋ ಅಂದುಕೊಂಡದ್ದು, ಮೀನಿಗೆ ಹೋಗುವುದಕ್ಕೆ ಕೇಳಿರಬೇಕು, ನಾಳೆ ಹೋದರೂ ನಡೆಯುತ್ತದೆ ಎಂದು.

ನಕಿಬಾಯೆಯ ತಂದೆ ದ್ವೀಪದ ನಡುವಿನ ಒಳಗಡಲಿನ ಆಚೆ, ಬಡಗಣ ತುದಿಯ ಊರಿನಲ್ಲಿ ಸಾವಿನ ಹಾಸಿಗೆಯಲ್ಲಿದ್ದ. ಹಾಯಿಯಿದ್ದರೆ ಮಧ್ಯಾಹ್ನಕ್ಕೆ ಮೊದಲೇ ಸೇರುವ ದಾರಿ. ಹಾಯಿಯಿಲ್ಲದ ನಕಿಬಾಯೆ ಇಳಿತದ ನೀರಿನಲ್ಲಿ ಹವಳದ ದಿಣ್ಣೆಗಳ ಮೇಲೆ ನಡೆದುಕೊಂಡು ಹೊರಟ. ನಡುದಾರಿಯಲ್ಲಿ ನೀರು ಏರಿತು. ನೀರು ಇಳಿಯುವವರೆಗೂ ಒಂದು ಪುಟ್ಟ ದಿಬ್ಬದ ಮೇಲೆ ಒಬ್ಬನೇ ಕೂತಿದ್ದ. ಊರು ಮುಟ್ಟಿದಾಗ ಹೆಂಗಸರು ಅಳುತ್ತಿದ್ದರು.

ಈ ಸುದ್ದಿ ಬಂದ ದಿನ ಬಿರಿಬೋ ಊಟ ಮಾಡಲಿಲ್ಲ. ತೊಲೆಯ ಮೇಲಿನ ಚಾಪೆಯ ಸುರುಳಿ ಹೆಣದ ಹಾಗೆ ಮಲಗಿತ್ತು. ಅದನ್ನು ಇಳಿಸುವ ಧೈರ್ಯ ಅವನಿಗೆ ಬಹಳ ತಿಂಗಳು ಬರಲಿಲ್ಲ. ಕೊನೆಗೊಂದು ದಿನ ಇಳಿಸಿದ; ತಾನು ಬಳಸಲಿಲ್ಲ, ಮೊದಲು ಬಂದು ಕೇಳಿದ ಯಾರೋ ನೆಂಟನಿಗೆ ಕೊಟ್ಟ. ಆ ನೆಂಟನ ದೋಣಿ ಒಳಗಡಲಿನಲ್ಲಿ ಹಾದುಹೋಗುವಾಗ ದಡದಲ್ಲಿ ಬಲೆ ಬಿಡಿಸುತ್ತಿದ್ದ ನಕಿಬಾಯೆ ತಲೆಯೆತ್ತಿ ನೋಡಿದ. ಆ ಹಾಯಿ ಯಾರದು ಎಂದು ಕೇಳಿದ. ಬಿರಿಬೋ ಕೊಟ್ಟದ್ದು, ಎರೇನಾಳ ಅಣ್ಣ ಆ ಸಲ ರಜೆಗೆ ಬಂದಾಗ ತಂದದ್ದಂತೆ ಎಂದು ದೋಣಿಯಲ್ಲಿದ್ದವರು ಕೂಗಿ ಹೇಳಿದರು. ನಕಿಬಾಯೆ ಮತ್ತೆ ಬಲೆಗೆ ತಲೆ ಬಗ್ಗಿಸಿದ.

ಅವನು ಜಗಳವಾಡಲಿಲ್ಲ, ಯಾರ ಮುಂದೆಯೂ ಆಡಿಕೊಳ್ಳಲಿಲ್ಲ. ಸಿಕ್ಕಾಗ ಮಾತಾಡಿಸುತ್ತಿದ್ದ. ಹಬ್ಬಕ್ಕೆ ಮೀನು ಕಳಿಸುತ್ತಿದ್ದ. ಆದರೆ ಅಂದಿನಿಂದ ಬಿರಿಬೋನ ಬಳಿ ಒಂದು ಬೆಂಕಿಕಡ್ಡಿಯನ್ನೂ ಕೇಳಲಿಲ್ಲ. ಹೊರಗಿನವರಿಗೆ ಇದೇನು ದೊಡ್ಡ ವಿಷಯ ಅನ್ನಿಸೀತು. ನಮ್ಮಲ್ಲಿ ಒಬ್ಬನನ್ನು ಏನೂ ಕೇಳದೆ ಇರುವುದೆಂದರೆ, ನೀನು ನನ್ನ ಪಾಲಿಗೆ ಇಲ್ಲ ಎಂದ ಹಾಗೆಯೇ.

ಅಲ್ಲಿಂದ ಬಿರಿಬೋ ಬೇರೆಯೇ ಮನುಷ್ಯನಾದ. ಹೂತ ಬಾಟಲಿಗಳನ್ನು ಅಗೆದು ತೆಗೆದು ಮನೆಯ ಮುಂದೆ ಸಾಲಾಗಿ ಇಟ್ಟ. ಸೈಕಲ್ ತೊಳೆದ. ಜನ ಮೊದಲು ನಂಬಲಿಲ್ಲ, ಆಮೇಲೆ ನಂಬಿದರು, ಆಮೇಲೆ ಮುಗಿಬಿದ್ದರು. ಕೊಡಲಿ ಹೋಯಿತು, ಲಾಟೀನು ಹೋಯಿತು, ಸೈಕಲ್ ಹೋದದ್ದು ತಿರುಗಿ ಬರಲೇ ಇಲ್ಲ. ನಿನ್ನ ಹತ್ತಿರ ಇನ್ನು ಕೇಳುವುದಕ್ಕೆ ಉಳಿದಿರುವವಳು ನಾನೊಬ್ಬಳೇ, ಯಾರಾದರೂ ಬಂದರೆ ಮೊದಲೇ ಹೇಳು, ತಲೆ ಬಾಚಿಕೊಂಡಿರುತ್ತೇನೆ ಎಂದು ಎರೇನಾ ನಗೆಯಾಡುತ್ತಿದ್ದಳು. ಅವನ ಪ್ರಾರ್ಥನೆಗಳು ಮಾತ್ರ ವರ್ಷದಿಂದ ವರ್ಷಕ್ಕೆ ಗಿಡ್ಡವಾದವು. ಸಭೆಯವರು ಅವನನ್ನು ಸಭಾಹಿರಿಯನನ್ನಾಗಿ ಆರಿಸಿದರು. ಪಾಸ್ಟರು ಕ್ರಿಸ್ತೀಯ ಬದುಕಿನ ಬಗ್ಗೆ ಬೋಧಿಸುವಾಗ ಅವನತ್ತ ನೋಡುತ್ತಿದ್ದರು. ಆ ಗೌರವವನ್ನು ಅವನು ಕಪಟದಿಂದ ಗಳಿಸಿದ್ದಲ್ಲ, ನಿಜವಾಗಿಯೂ ಬೆಳೆದಿದ್ದ. ಇದನ್ನು ಒತ್ತಿ ಹೇಳಬೇಕು, ಏಕೆಂದರೆ ಮುಂದಿನ ತಪ್ಪನ್ನು ಅವನು ಮಾಡಿದ್ದು ಒಳ್ಳೆಯವನಾದ ಮೇಲೆ.

ಊರೆಲ್ಲ ಕೇಳುತ್ತಿತ್ತು, ಒಬ್ಬ ಕೇಳುತ್ತಿರಲಿಲ್ಲ. ಬಿರಿಬೋ ತಾನಾಗಿ ಕಳಿಸಿದ ಬಾಬಾಯ್ ಗೆಡ್ಡೆಯನ್ನು ನಕಿಬಾಯೆ ಬೇಡವೆನ್ನುತ್ತಿರಲಿಲ್ಲ. ಅದೇ ಸಂಜೆ ಅಷ್ಟೇ ತೂಕದ ಮೀನು ತಿರುಗಿ ಬರುತ್ತಿತ್ತು. ದೇವರ ಮುಂದೆ ಮೊಣಕಾಲೂರಿದಾಗಲೆಲ್ಲ ಬಿರಿಬೋನ ಕಣ್ಣಿಗೆ ಬರುತ್ತಿದ್ದದ್ದು ಹಾಯಿಯನ್ನು ಬೆಳಕಿಗೆ ಹಿಡಿದ ಆ ಬೆನ್ನು. ತಲೆಗೂದಲು ನೆರೆತರೂ ಆ ಬೆನ್ನು ಅವನ ಪ್ರಾರ್ಥನೆಯಿಂದ ಕದಲಲಿಲ್ಲ.

ಒಂದು ಹೊಸವರ್ಷದ ದಿನ ಊರೆಲ್ಲ ಮನೆಯಾಬಾದಲ್ಲಿ, ಅಂದರೆ ಊರಿನ ದೊಡ್ಡ ಚಾವಡಿಯಲ್ಲಿ, ಊಟಕ್ಕೆ ಕೂಡಿತ್ತು. ಮನೆತನಕ್ಕೊಂದು ಜಾಗ, ಬಿರಿಬೋನ ಜಾಗಕ್ಕೆ ಎದುರಾಗಿಯೇ ನಕಿಬಾಯೆಯದು. ಹಾಡು ಮುಗಿದಿತ್ತು. ಬಿರಿಬೋ ಎದ್ದು ನಡುವಿಗೆ ಹೋಗಿ ಚಾಪೆಯ ಮೇಲೆ ತಲೆ ತಗ್ಗಿಸಿ ಕೂತ. ತಾನು ನಕಿಬಾಯೆ ಅಣ್ಣನಿಗೆ ಹಿಂದೊಮ್ಮೆ ನೋವು ಮಾಡಿದ್ದೇನೆ, ಇಂದು ಬುಬುಸಿ ಕೇಳುತ್ತಿದ್ದೇನೆ, ಬೇಡುವುದು ವಸ್ತುವಲ್ಲ, ಕ್ಷಮೆ ಎಂದ. ಏನು ನೋವು ಎಂಬುದನ್ನು ಹೇಳಲಿಲ್ಲ. ಹೇಳಬೇಕೆಂದೇ ಹೊರಟಿದ್ದ, ನಾಲಿಗೆ ತಿರುಗಲಿಲ್ಲ.

ಚಾವಡಿಯೆಲ್ಲ ನಕಿಬಾಯೆಯತ್ತ ತಿರುಗಿತು. ನಕಿಬಾಯೆ, "ಆಯ್ತು, ತಗೋ," ಅಂದ.

ಮುದುಕಿಯರು ಕಣ್ಣೊರಸಿಕೊಂಡರು. ಕೀರ್ತನೆ ಎತ್ತಿದರು. ಮುಂದಿನ ಭಾನುವಾರ ಪಾಸ್ಟರು ಇದರ ಮೇಲೆಯೇ ಬೋಧನೆ ಮಾಡಿದರು. ಬಿರಿಬೋನ ಹೆಜ್ಜೆ ನೆಲ ಮುಟ್ಟುತ್ತಿರಲಿಲ್ಲ.

ಅದಾದ ಸ್ವಲ್ಪ ದಿನಕ್ಕೆ ನಕಿಬಾಯೆ ದೀವಿಹಲಸಿನ ಮರದಿಂದ ಬಿದ್ದು ಸೊಂಟ ಮುರಿದುಕೊಂಡ. ಕೋಲೂರಿ ಓಡಾಡುವ ಹಾಗಾದನೇ ಹೊರತು ಮರ ಹತ್ತುವ ಕಾಲ ಮುಗಿಯಿತು. ಮನೆಯಲ್ಲಿದ್ದವರು ವಿಧವೆ ಮಗಳು ಮತ್ತು ಅವಳ ಹಾಲು ಬಿಟ್ಟ ಕೂಸು. ಕೂಸಿಗೆ ಬೆಳಿಗ್ಗೆ ಸಂಜೆ ಸಿಹಿ ನೀರಾ ಬೇಕು. ಮನೆಯ ಪಕ್ಕದಲ್ಲಿ ಅವನದೇ ಎರಡು ಮರಗಳಿದ್ದವು, ಹತ್ತಿ ಹೊಂಬಾಳೆ ಕೊಯ್ಯುವವರಿರಲಿಲ್ಲ. ಮಗಳು ಖಾಲಿ ಬಾಟಲಿ ಹಿಡಿದು ದಿನವೂ ಬಿರಿಬೋನ ಮನೆಯ ಮುಂದೆಯೇ ಹಾದು, ಊರಿನ ಆ ತುದಿಯಲ್ಲಿದ್ದ ದೂರದ ನೆಂಟರ ಮನೆಗೆ ಹೋಗುತ್ತಿದ್ದಳು. ಬಿರಿಬೋನ ಅಂಗಳದಲ್ಲಿ ಆಗ ತಾನೇ ಇಳಿಸಿದ ನೀರಾ ನೊರೆಯಾಡುತ್ತಿರುತ್ತಿತ್ತು. ಅವನು ಕರೆದರೆ, ಬೇಡ ಚಿಕ್ಕಪ್ಪ, ಅಪ್ಪ ಅಲ್ಲಿಗೇ ಹೋಗು ಅಂದಿದ್ದಾರೆ ಎನ್ನುತ್ತಿದ್ದಳು.

ಬಿರಿಬೋಗೆ ಸಿಟ್ಟು ಬಂತು. ಕ್ಷಮಿಸಿದ್ದೇನೆ ಎಂದವನು ಹೀಗೆ ಮಾಡಬಹುದೇ ಎಂದು ಹೆಂಡತಿಯ ಮುಂದೆ ಕೂಗಾಡಿದ. ಎರೇನಾ ಮೀನಿನ ಹುರುಪೆ ತೆಗೆಯುತ್ತಿದ್ದಳು. ಕತ್ತಿ ಕೆಳಗಿಟ್ಟಳು.

"ನಮ್ಮ ಸೈಕಲ್ ಒಯ್ದರಲ್ಲ, ಆವತ್ತು ನೀನು ಏನಂದೆ?"

"ತಗೊಂಡೋಗಿ ಅಂದೆ."

"ನಗ್ತಾ ಅಂದೆ. ಆಮೇಲೆ ಮೂರು ದಿನ ನನ್ನ ಜೊತೆ ಮಾತಾಡ್ಲಿಲ್ಲ. ಕೇಳಿದ್ರು, ಕೊಟ್ಟೆ. ಕೊಡದೆ ಇರೋ ಹಾಗಿರ್ಲಿಲ್ಲ. ಊರೆಲ್ಲ ಕೂತಿರೋವಾಗ ನೀನು ಅವನ ಹತ್ರ ಬುಬುಸಿ ಅಂದೆ. ಅವನಿಗೆ ಬೇರೆ ದಾರಿ ಎಲ್ಲಿತ್ತು, ಹೇಳು?"

ಬಿರಿಬೋ ನೆಲದ ಮೇಲೆ ಕೂತ. ತಾನು ಕ್ಷಮೆ ಕೇಳಿರಲಿಲ್ಲ, ಕಿತ್ತುಕೊಂಡಿದ್ದ. ಒಂದು ಕಾಲದಲ್ಲಿ ತನ್ನ ಹಾಯಿಯನ್ನು ಬಚ್ಚಿಟ್ಟ, ಈಗ ನಕಿಬಾಯೆಯ ಎದೆಯಲ್ಲಿದ್ದದ್ದನ್ನು ದೋಚಿದ. ಮೊದಲನೆಯದು ಲೋಭ, ಎರಡನೆಯದನ್ನು ಭಕ್ತಿ ಎಂದುಕೊಂಡಿದ್ದ, ಅದಕ್ಕೆ ಊರೇ ಕೀರ್ತನೆ ಹಾಡಿತ್ತು. ಎರೇನಾ ಮದುವೆಯಾದ ಮೇಲೆ ಗಂಡ ಸದ್ದು ಮಾಡಿ ಅತ್ತದ್ದನ್ನು ಅಂದೇ ಮೊದಲು ಕಂಡದ್ದು.

ಅದೆಷ್ಟೋ ದಿನ ಅವನು ದೇವಾಲಯದಲ್ಲಿ ಎದ್ದು ನಿಂತು ಪ್ರಾರ್ಥಿಸಲಿಲ್ಲ. ಕೊನೆಗೆ ಪಾಸ್ಟರ ಬಳಿ ಹೋಗಿ, ಆ ಕ್ಷಮೆಯನ್ನು ತಿರುಗಿ ಕೊಡುತ್ತೇನೆ ಎಂದ. ಪಾಸ್ಟರು ಗಾಬರಿಯಾದರು. ಕೊಟ್ಟದ್ದನ್ನು ಹಿಂದಕ್ಕೆ ಕೊಡುವುದು ಕೊಟ್ಟವನಿಗೆ ಅವಮಾನ, ನಮ್ಮಲ್ಲಿ ಹಾಗೆ ಯಾರೂ ಮಾಡಿಲ್ಲ, ನೀನು ಸಭಾಹಿರಿಯ, ಊರಿನ ಸಮಾಧಾನ ಕೆಡಿಸಬೇಡ ಎಂದು ಬುದ್ಧಿ ಹೇಳಿದರು. ಅವರು ಹೇಳಿದ್ದು ತಪ್ಪೆನ್ನುವ ಹಾಗಿರಲಿಲ್ಲ. ಬಿರಿಬೋ ಎಲ್ಲ ಕೇಳಿಕೊಂಡು ಬಂದ. ಈಸ್ಟರಿನ ಊಟಕ್ಕೆ ಊರು ಕೂಡಿದಾಗ ಮತ್ತೆ ಚಾವಡಿಯ ನಡುವಿಗೆ ಹೋಗಿ ಕೂತ.

"ಹೊಸವರ್ಷದ ದಿನ ನಾನು ಅಣ್ಣನ ಹತ್ರ ಕ್ಷಮೆ ತಗೊಂಡೆ," ಅಂದ. "ನಿಮ್ಮೆಲ್ಲರ ಮುಂದೆ ಕೇಳಿದ್ರಿಂದ ಅವನು ಕೊಡ್ಲೇಬೇಕಾಯ್ತು. ಅದು ನಂದಲ್ಲ. ವಾಪಸ್ ತಂದಿದ್ದೀನಿ."

ಆಮೇಲೆ ಹಾಯಿಯ ಕಥೆ ಹೇಳಿದ. ತೊಲೆ, ಚಾಪೆಯ ಸುರುಳಿ, ಮೂಲೆಯಲ್ಲಿದ್ದ ಹರಕು, ಯಾವುದನ್ನೂ ಬಿಡಲಿಲ್ಲ. ಯುವಕರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರಿಗೆ ಗೊತ್ತಿದ್ದದ್ದು ಕೈಬಿಚ್ಚಿ ಕೊಡುವ ಮುದುಕ ಬಿರಿಬೋ ಮಾತ್ರ. ಹಿರಿಯರಲ್ಲೊಬ್ಬ, ಸಾಕು ನಿಲ್ಲಿಸು, ಹಬ್ಬದ ದಿನ ಇದೆಲ್ಲ ಯಾಕೆ ಎಂದು ಗದರಿಸಿದ. ನಕಿಬಾಯೆ ಕೋಲೆತ್ತಿ ಅವನನ್ನು ತಡೆದ.

"ನಾನು ಹೋಗೋ ಹೊತ್ತಿಗೆ ಅಪ್ಪನ ಮೈ ಇನ್ನೂ ಬೆಚ್ಚಗಿತ್ತು," ಅಂದ. ಅವನ ಬಾಯಿಂದ ಆ ಮಾತು ಊರು ಕೇಳಿದ್ದು ಅದೇ ಮೊದಲು. "ಕೈ ಮುಟ್ಟಿ ನೋಡ್ದೆ. ಬೆಚ್ಚಗಿತ್ತು. ತಡ ಆಗಿದ್ದು ಅಷ್ಟೇ." ಎತ್ತಿದ ಕೋಲನ್ನು ಚಾಪೆಯ ಮೇಲಿಟ್ಟ. "ಸರಿ. ವಾಪಸ್ ತಗೊಂಡೆ."

ಊರಿಗೆ ಸಿಡಿಲು ಬಡಿದಂತಾಯಿತು. ಒಬ್ಬ ಕೊಟ್ಟದ್ದನ್ನು ತಿರುಗಿ ಕೊಟ್ಟದ್ದೂ ಹೊಸದು, ಇನ್ನೊಬ್ಬ ಅದನ್ನು ತೆಗೆದುಕೊಂಡದ್ದೂ ಹೊಸದು. ಬಿರಿಬೋ ಎದ್ದು ತನ್ನ ಜಾಗಕ್ಕೆ ಹೋಗಿ ಕೂತ. ಊಟ ಯಾರಿಗೂ ಸೇರಲಿಲ್ಲ. ಆ ವಾರವೇ ಸಭೆಯವರು ಅವನನ್ನು ಹಿರಿತನದಿಂದ ಇಳಿಸಿದರು. ಅವನು ಮುಂದಿನ ಸಾಲು ಬಿಟ್ಟು ಹಿಂದೆ, ಅಳುವ ಮಕ್ಕಳ ತಾಯಂದಿರ ಪಕ್ಕದಲ್ಲಿ ಕೂರತೊಡಗಿದ. ಈಗ ಅವನ ಬಳಿ ಹೆಸರೂ ಇರಲಿಲ್ಲ, ಕ್ಷಮೆಯೂ ಇರಲಿಲ್ಲ. ಆದರೂ ಎದೆಯ ಮೇಲಿನ ಕಲ್ಲೊಂದು ಜರುಗಿದ ಹಾಗಿದೆ ಎಂದು ಎರೇನಾಳ ಬಳಿ ಹೇಳಿದನಂತೆ. ಹರೆಯದಲ್ಲಿ ಬಚ್ಚಿಟ್ಟಾಗ ಇರದಿದ್ದ ನೆಮ್ಮದಿ, ನಡುವಯಸ್ಸಿನಲ್ಲಿ ಹಂಚಿದಾಗಲೂ ಪೂರ್ತಿ ಸಿಗದಿದ್ದ ನೆಮ್ಮದಿ, ಏನೂ ಇಲ್ಲದಾಗ ಬಂತು. ಇಂಥ ಮನುಷ್ಯನನ್ನು ನಮ್ಮೂರು ಕೆಲವು ವಾರ ಓರೆಗಣ್ಣಿನಿಂದ ನೋಡಿತಲ್ಲ, ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಹಾಗಿರುವಾಗ ಒಂದು ಬೆಳಿಗ್ಗೆ ನಕಿಬಾಯೆ ಕೋಲೂರಿಕೊಂಡು ಬಂದ. ಕೂರುವುದಕ್ಕೆ ಬಹಳ ಕಷ್ಟಪಟ್ಟ. ಬಿರಿಬೋ ಹಿಡಿಯಲು ಹೋದರೆ ಬೇಡವೆಂದು ಕೈ ಅಲ್ಲಾಡಿಸಿ ತಾನೇ ಚಾಪೆಯ ಮೇಲೆ ಕೂತ. ತಲೆ ತಗ್ಗಿಸಿದ.

"ಬುಬುಸಿಗೆ ಬಂದಿದ್ದೀನಿ."

ಒಳಗೆ ಎರೇನಾಳ ಕೈಯಲ್ಲಿದ್ದ ಪಾತ್ರೆ ಕೆಳಗೆ ಬಿತ್ತು.

"ನನ್ನ ಮನೆ ಹತ್ರ ಎರಡು ಮರ ಇವೆ. ದಿನಾ ಬಂದು ನೀರಾ ಇಳಿಸ್ಬೇಕು. ಬೆಳಿಗ್ಗೆ, ಸಂಜೆ. ನನ್ನ ಸೊಂಟ ಇನ್ನು ನೆಟ್ಟಗಾಗಲ್ಲ, ಹಾಗಾಗಿ ಇಷ್ಟು ದಿನ ಅಂತ ಇಲ್ಲ."

ಬಿರಿಬೋ ತಲೆಯಾಡಿಸಿದ.

"ಇನ್ನೊಂದು. ಕ್ಷಮಿಸಿಬಿಟ್ಟಿದ್ದೀನಿ ಅಂದ್ಕೋಬೇಡ. ಅದು ಬೇರೆ, ಇದು ಬೇರೆ."

"ಗೊತ್ತಣ್ಣ," ಅಂದ ಬಿರಿಬೋ. ಸೊಂಟಕ್ಕೆ ಕತ್ತಿ ಸಿಕ್ಕಿಸಿಕೊಂಡು ಅವನ ಹಿಂದೆಯೇ ಹೊರಟ. ಅರವತ್ತು ದಾಟಿದ ಗಂಡ ಮದುವಣಿಗನ ಹಾಗೆ ನಡೆದುಹೋಗುವುದನ್ನು ಎರೇನಾ ಬಾಗಿಲಲ್ಲಿ ನಿಂತು ನೋಡಿದಳು.

ಅಂದಿನಿಂದ ಅವನು ಮೊದಲು ಹತ್ತುತ್ತಿದ್ದದ್ದು ನಕಿಬಾಯೆಯ ಮರಗಳನ್ನು, ಆಮೇಲೆ ತನ್ನದನ್ನು. ಗಾಳಿಯಿರಲಿ, ಮಳೆಯಿರಲಿ, ಜ್ವರವಿರಲಿ, ತಪ್ಪಿಸಲಿಲ್ಲ. ನಕಿಬಾಯೆ ಬುಡದಲ್ಲಿ ಕೂತು ದಿನವೂ ತಕರಾರು ತೆಗೆಯುತ್ತಿದ್ದ: ಹೊಂಬಾಳೆಯನ್ನು ದಪ್ಪ ಕೊಯ್ದೆ, ಕಟ್ಟು ಸಡಿಲವಾಯಿತು, ನಿನ್ನೆಯದಕ್ಕಿಂತ ಇಂದಿನದು ನೀರು. ಬಿರಿಬೋ ಮೇಲಿನಿಂದ ಹೂಂಗುಟ್ಟುತ್ತಿದ್ದ. ಕೂಸು ನಡೆಯಲು ಕಲಿತಿತು, ಓಡಲು ಕಲಿತಿತು, ಶಾಲೆಗೂ ಹೋಯಿತು. ಸಭೆಯವರು ಬಂದು ಮತ್ತೆ ಹಿರಿಯನಾಗು ಎಂದು ಒತ್ತಾಯಿಸಿದರು. ಸಂಜೆಯ ಕೂಟದ ಹೊತ್ತಿಗೆ ತನಗೆ ಮರದ ಕೆಲಸವಿರುತ್ತದೆ ಎಂದು ಒಲ್ಲೆನೆಂದ. ಮೇಲೆ ಹೋದಾಗ ಅವನು ಪ್ರಾರ್ಥಿಸುತ್ತಿದ್ದನಂತೆ. ಏನೆಂದು ಎರೇನಾ ಒಮ್ಮೆ ಕೇಳಿದ್ದಕ್ಕೆ, ಹೇಳುವುದಕ್ಕೆ ಅಂಥದ್ದೇನೂ ಇರುವುದಿಲ್ಲ, ಸುಮ್ಮನೆ ಜೊತೆಗಿರುತ್ತೇನೆ ಎಂದನಂತೆ. ಕ್ಷಮೆಯ ವಿಷಯವನ್ನು ಅವನು ನಕಿಬಾಯೆಯ ಬಳಿ ಮತ್ತೆ ಎತ್ತಲೇ ಇಲ್ಲ. ಅದನ್ನು ಕೇಳಬಾರದು ಎಂಬುದನ್ನು ಅವನು ಅಷ್ಟು ಕಷ್ಟಪಟ್ಟು ಕಲಿತಿದ್ದ.

ಒಂದು ಸಂಜೆ ಬಿರಿಬೋ ಮರದ ತುದಿಯಲ್ಲಿ ಹೊಂಬಾಳೆಗೆ ಕತ್ತಿ ಇಟ್ಟಿದ್ದ. ಕೆಳಗೆ ಕೂತಿದ್ದ ನಕಿಬಾಯೆ ಅಂದು ಯಾವ ತಕರಾರೂ ತೆಗೆದಿರಲಿಲ್ಲ.

"ಬಿರಿಬೋ," ಎಂದು ಕರೆದ. "ನೀನು ಆವತ್ತು ವಾಪಸ್ ಕೊಟ್ಟೆಯಲ್ಲ, ಅದನ್ನ ಎದೆ ಒಳಗೇ ಇಟ್ಕೊಂಡಿದ್ದೆ. ನಿನ್ನೆ ನೋಡ್ಕೊಂಡ್ರೆ ಇಲ್ಲ. ನಿನಗೆ ಯಾವಾಗ ಕೊಟ್ಟುಬಿಟ್ಟೆ ಅಂತ ನಂಗೇ ಗೊತ್ತಾಗ್ಲಿಲ್ಲ."

ಮೇಲೆ ಕತ್ತಿಯ ಸದ್ದು ನಿಂತಿತು. ಒಳಗಡಲಿನ ಮೇಲೆ ಹೊತ್ತು ಮುಳುಗುತ್ತಿತ್ತು. ಗರಿಗಳ ನಡುವೆ ಮುದುಕನೊಬ್ಬ ಮರವನ್ನು ಎರಡೂ ತೋಳಿನಿಂದ ತಬ್ಬಿಕೊಂಡು ಹಣೆಯಾನಿಸಿ ಕೂತಿದ್ದದ್ದು ದಾರಿಹೋಕರಿಗೂ ಕಂಡಿತು.

ನಕಿಬಾಯೆ ಕಾದ. ಇನ್ನೂ ಸ್ವಲ್ಪ ಹೊತ್ತು ಕಾದ. ಆಮೇಲೆ ಕೋಲಿನಿಂದ ಬುಡಕ್ಕೆ ಕುಟ್ಟಿದ.

"ಇಳಿಯೋ ಮಾರಾಯ," ಅಂದ. "ಮಗು ಕಾಯ್ತಿದೆ, ನೀರಾ ಹುಳಿಯಾಗುತ್ತೆ."